ಮಗಳ ಮನಸ್ಸು ತಿರುಗಿಸಲು ತೋರಿಸಿದ ಡಾಕ್ಟರ್ ಸಿನಿಮಾಗಳು

ನಾನು ವಿಮೆ ಏಜೆಂಟ್. ಪುತ್ತೂರು, ಸುಳ್ಯ, ಕಡಬದ ಮನೆಗಳ ಚಾವಡಿಯಲ್ಲಿ ಕೂತು, ಮುಂದೆ ಏನೇನು ಕೆಟ್ಟದ್ದು ಆಗಬಹುದು ಎಂದು ಜನರಿಗೆ ವಿವರಿಸುವುದು ಇಪ್ಪತ್ತೈದು ವರ್ಷದಿಂದ ನನ್ನ ಹೊಟ್ಟೆಪಾಡು. ಕೇಳಿದವರಲ್ಲಿ ಹೆಚ್ಚಿನವರು ಚಾ ಕೊಟ್ಟು, "ನೋಡುವಾ" ಎಂದು ಕಳಿಸಿಬಿಡುತ್ತಾರೆ. ನಾನು ಹೇಳಿದ್ದನ್ನೆಲ್ಲ ಪೂರ್ತಿ ನಂಬಿ ಹೆದರಿದವನು ಈ ಮೂರು ತಾಲೂಕಿನಲ್ಲಿ ನಾನೊಬ್ಬನೇ.

ಹೆಂಡತಿ ಪುತ್ತೂರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ನರ್ಸ್. ಅವಳಿಗೆ ಹೆದರಿಕೆ ಎನ್ನುವುದು ಗೊತ್ತಿಲ್ಲ. ಗೊತ್ತಿದ್ದರೂ ಡ್ಯೂಟಿ ಮುಗಿಸಿ ಬರುವಾಗ ಅದನ್ನು ಅಲ್ಲೇ ಬಿಟ್ಟು ಬರುತ್ತಾಳೆ. ಅವಳ ಮನೆಮಾತು ತುಳು, ನನ್ನದು ಅರೆಭಾಷೆ. ರಾಜಿಯಾಗಿ ನಮ್ಮ ಮನೆಯಲ್ಲಿ ಕನ್ನಡ ನಡೆಯುತ್ತದೆ. ಇಬ್ಬರಿಗೂ ಸೇರಿ ಒಬ್ಬಳೇ ಮಗಳು. ಮುಖ ನನ್ನದು, ಉಳಿದದ್ದೆಲ್ಲ ತಾಯಿಯದು. ಅದು ಅವಳ ಪುಣ್ಯ.

ಮಗಳು ಹತ್ತನೆಯ ತರಗತಿ ಮುಗಿಸಿದ ರಜೆಯಲ್ಲಿ ಸುಳ್ಯದ ನನ್ನ ಅಕ್ಕನ ಮನೆಗೆ ಹೋಗಿದ್ದಳು. ಅಲ್ಲಿ ಟಿ.ವಿ.ಯಲ್ಲಿ ಒಂದು ಮಲಯಾಳಂ ಸಿನಿಮಾ ನೋಡಿದಳು. ಕೇರಳದ ಗಡಿಯಲ್ಲಿರುವ ಸುಳ್ಯದವರಿಗೆ ಮಲಯಾಳಂ ಸಿನಿಮಾ ನೋಡಲು ಅಡಿಬರಹ ಬೇಕಾಗುವುದಿಲ್ಲ. ವಾಪಸು ಬಂದು ಬ್ಯಾಗು ಇಳಿಸುವ ಮೊದಲೇ, "ನಾನು ಡಾಕ್ಟರ್ ಆಗುದು" ಎಂದಳು. ಆ ವಯಸ್ಸಿನಲ್ಲಿ ನಾನು ಒಂದು ಸಿನಿಮಾ ನೋಡಿ ಪೈಲಟ್ ಆಗಲು ಹೊರಟಿದ್ದೆ. ನಮ್ಮೂರು ಬೆಳ್ಳಾರೆಯಿಂದ ಪುತ್ತೂರಿಗೆ ಬಸ್ಸಿನಲ್ಲಿ ಕೂತರೆ ವಾಂತಿಯಾಗುತ್ತಿದ್ದವ. ಹಾಗಾಗಿ ಇದೂ ಇಳಿದುಹೋಗುತ್ತದೆ ಎಂದುಕೊಂಡೆ. ಇಳಿಯಲಿಲ್ಲ. ಪಿಯುಸಿಗೆ ವಿಜ್ಞಾನ ತೆಗೆದುಕೊಂಡಳು, ಎರಡು ವರ್ಷ ಓದಿದಳು, ಆಮೇಲೆ ನೀಟ್ ಬರೆದಳು. ಅಂಕ ಬಂತು. ಸೀಟು ಸಿಗುವಷ್ಟು ಬರಲಿಲ್ಲ.

ಅವಳ ಮುಂದೆ ಎರಡು ದಾರಿ ಇತ್ತು. ಪುತ್ತೂರಿನಲ್ಲೇ ಬಿ.ಎಸ್ಸಿ.ಗೆ ಸೇರುವುದು ಒಂದು. ಅದಕ್ಕೆ ಅರ್ಜಿ ತಂದಿಟ್ಟಿದ್ದೆ, ಕೊಡಲು ಎರಡು ವಾರ ಉಳಿದಿತ್ತು. ಇಲ್ಲವಾದರೆ ಒಂದು ವರ್ಷ ಮನೆಯಲ್ಲೇ ಕೂತು ಮತ್ತೊಮ್ಮೆ ನೀಟ್‌ಗೆ ಓದುವುದು. ಅವಳಿಗೆ ಬೇಕಾದದ್ದು ಎರಡನೆಯದು.

ನನ್ನ ನಿದ್ದೆ ಹಾರಿಹೋಯಿತು. ಹದಿನೆಂಟರ ಹುಡುಗಿಯ ಒಂದು ಇಡೀ ವರ್ಷ, ಯಾವುದೋ ಒಂದು ಸಿನಿಮಾದ ಕೈಯಲ್ಲಿ. ಆ ಸಿನಿಮಾ ನಾನು ನೋಡಿರಲಿಲ್ಲ, ಆದರೆ ಅದರಲ್ಲಿ ಏನಿರಬಹುದೆಂದು ಚೆನ್ನಾಗಿ ಗೊತ್ತಿತ್ತು: ಉದ್ದದ ಕಾರಿಡಾರು, ಓಡುವ ಸ್ಟ್ರೆಚರು, ಗಾಳಿಗೆ ಹಾರುವ ಬಿಳಿ ಕೋಟು. ಸಿನಿಮಾ ಹಚ್ಚಿದ ಬಣ್ಣವನ್ನು ಸಿನಿಮಾದಿಂದಲೇ ತೊಳೆಯಬೇಕು ಎಂದು ನಾನು ತೀರ್ಮಾನಿಸಿದೆ. ಡಾಕ್ಟರುಗಳು ಸೋಲುವ, ಅಳುವ, ಪೆಟ್ಟು ತಿನ್ನುವ ಸಿನಿಮಾಗಳನ್ನು ಮೊಬೈಲಿನಲ್ಲಿ ಹುಡುಕಿ ಒಂದು ಪಟ್ಟಿ ಮಾಡಿಕೊಂಡೆ. ಇದನ್ನು ಯಾರಿಗೂ ಹೇಳಲಿಲ್ಲ. "ಮನೆಯವರೆಲ್ಲ ಒಟ್ಟಿಗೆ ಕೂತು ಸಿನಿಮಾ ನೋಡದೆ ಎಷ್ಟು ದಿನ ಆಯ್ತು" ಎಂದೆ. ಹೆಂಡತಿ ನನ್ನನ್ನು, ಜ್ವರ ಬಂದವರನ್ನು ನೋಡುವ ಹಾಗೆ ನೋಡಿದಳು.

ಮೊದಲನೆಯದರಲ್ಲಿ, ರೋಗಿ ತೀರಿಕೊಂಡ ಸಿಟ್ಟಿಗೆ ಅವನ ಕಡೆಯವರು ಡಾಕ್ಟರನಿಗೆ ಹೊಡೆದು ಆಸ್ಪತ್ರೆಯ ಗಾಜು ಪುಡಿ ಮಾಡುತ್ತಾರೆ. ನಾನು ಓರೆಗಣ್ಣಿನಿಂದ ಮಗಳನ್ನು ನೋಡುತ್ತಿದ್ದೆ. ಅವಳು ಹುರಿಗಡಲೆ ತಿನ್ನುತ್ತಾ, "ಮನೆಯವರ ಹತ್ರ ಮೊದಲೇ ಸರಿಯಾಗಿ ಹೇಳ್ಬೇಕಿತ್ತು, ಅಲ್ವಾ ಅಮ್ಮ?" ಎಂದಳು.

"ಹೇಳುದು ಬಿಡು," ಎಂದಳು ಹೆಂಡತಿ, "ಅವ ಗ್ಲೌಸ್ ಹಾಕಿದ ಕೈಯಲ್ಲೇ ಫೋನ್ ಹಿಡ್ಕೊಂಡಿದ್ದಾನೆ ನೋಡು. ಅವನಿಗೆ ಎರಡು ಬೀಳ್ಬೇಕಾದದ್ದೇ."

ಎರಡನೆಯದು ಹಿಂದಿ. ಡಾಕ್ಟರ್ ಮೂರು ದಿನ ನಿದ್ದೆ ಮಾಡುವುದಿಲ್ಲ, ಹೆಂಡತಿ ಬಿಟ್ಟುಹೋಗುತ್ತಾಳೆ. ಮುಗಿದ ಮೇಲೆ ನಾನು ಗಂಟಲು ಸರಿ ಮಾಡಿಕೊಂಡು, "ನೋಡಿದೆಯಾ ಮಗಾ, ಎಂಥ ಜೀವನ" ಎಂದೆ. "ಅಮ್ಮನಿಗೂ ನೈಟ್ ಡ್ಯೂಟಿ ಉಂಟಲ್ಲ," ಎಂದಳು ಮಗಳು, "ನೀವೆಲ್ಲಿ ಬಿಟ್ಟುಹೋಗಿದ್ದೀರಿ?"

"ಇವರು ಎಲ್ಲಿಗೆ ಹೋಗುದು," ಎಂದಳು ಹೆಂಡತಿ. "ಬಸ್ಸು ತಪ್ಪಿದ್ರೆ ಎಂತ ಮಾಡುದು ಅಂತ ವಾಪಸ್ ಬರ್ತಾರೆ."

ಮೂರನೆಯದು ಹಳೆಯ ಕನ್ನಡ ಚಿತ್ರ. ಬಾಗಿಲ ಮೇಲಿನ ಕೆಂಪು ದೀಪ ಆರುತ್ತದೆ, ಡಾಕ್ಟರು ಹೊರಬಂದು ಕನ್ನಡಕ ತೆಗೆಯುತ್ತಾರೆ, ಮಾತಾಡುವುದಿಲ್ಲ. ಕನ್ನಡಕ ತೆಗೆದರೆ ರೋಗಿ ಹೋದ ಹಾಗೆ ಎಂದು ನಮ್ಮ ಕಾಲದ ಸಣ್ಣ ಮಕ್ಕಳಿಗೂ ಗೊತ್ತಿತ್ತು. ನಾನು ಅತ್ತೆ. ಮಗಳನ್ನು ಅಳಿಸಲು ಹಾಕಿದ ಸಿನಿಮಾ. ಅವಳು ಎದ್ದು ಹೋಗಿ ನನಗೆ ನೀರು ತಂದುಕೊಟ್ಟಳು. ನಾಲ್ಕನೆಯದು ಯಾವುದೋ ಪರದೇಶದ ಸಾಂಕ್ರಾಮಿಕ ರೋಗದ್ದು. ಅದು ಅರ್ಧವಾಗುವಷ್ಟರಲ್ಲಿ ನಾನು ಮೂರು ಸಲ ಕೈ ತೊಳೆದು ಬಂದೆ. ಮಗಳು ಕೊನೆಯವರೆಗೂ ನೋಡಿ, ಆ ರೋಗ ಹೇಗೆ ಹರಡಿತು ಎಂದು ನೋಟ್‌ಬುಕ್ಕಿನಲ್ಲಿ ಚಿತ್ರ ಬರೆದು ತಾಯಿಗೆ ವಿವರಿಸಿದಳು. ನನ್ನ ಪಟ್ಟಿ ಮುಗಿಯಿತು. ಅರ್ಜಿ ಕೊಡಲು ಇನ್ನು ನಾಲ್ಕೇ ದಿನ.

ಅದೇ ವಾರ ನನ್ನ ಬಿ.ಪಿ. ತಪಾಸಣೆ ಇತ್ತು. ಪ್ರತಿ ಸಲ ಹೆಂಡತಿ ಜೊತೆಗೆ ಬರುತ್ತಾಳೆ. ಈ ಸಲ ಅವಳಿಗೆ ಡ್ಯೂಟಿ. "ಒಬ್ಬರೇ ಹೋಗುದು ಬೇಡ," ಎಂದಳು. "ಕ್ಲಿನಿಕ್‌ನ ಬಾಗಿಲವರೆಗೆ ಹೋಗಿ, ರಶ್ ಉಂಟು ಅಂತ ವಾಪಸ್ ಬರುವ ಜನ ನೀವು." ಮಗಳನ್ನು ಕಾವಲಿಗೆ ಕಳಿಸಿದಳು.

ನಮ್ಮ ಕಡೆಯ ಒಂದು ಕ್ರಮವನ್ನು ಇಲ್ಲಿ ಹೇಳಬೇಕು. ಡಾಕ್ಟರು "ಹೇಗುಂಟು?" ಎಂದು ಕೇಳಿದರೆ ನಾವು "ಅಡ್ಡಿ ಇಲ್ಲ" ಎನ್ನುತ್ತೇವೆ. ಅವರು ಕೊಟ್ಟ ಮದ್ದು ತಾಗಲಿಲ್ಲ ಎಂದು ಅವರ ಮುಖಕ್ಕೇ ಹೇಳುವುದು ಹೇಗೆ? ಊಟಕ್ಕೆ ಕರೆದ ಮನೆಯಲ್ಲಿ ಸಾರಿಗೆ ಉಪ್ಪು ಕಡಿಮೆ ಎಂದು ಯಾರಾದರೂ ಹೇಳುತ್ತಾರೆಯೇ? ಬೆಳ್ಳಾರೆಯಲ್ಲಿದ್ದ ನನ್ನ ಅಮ್ಮ ಮೊಣಕಾಲು ಬಗ್ಗಿಸಲಾಗದೆ ಎಷ್ಟೋ ವರ್ಷ ಡಾಕ್ಟರಿಗೆ "ಅಡ್ಡಿ ಇಲ್ಲ" ಎಂದೇ ಹೇಳಿ, ಮನೆಗೆ ಬಂದು ಕೊಬ್ಬರಿ ಎಣ್ಣೆ ತಿಕ್ಕಿಕೊಳ್ಳುತ್ತಿದ್ದರು. "ಪಾಪ, ಅಷ್ಟು ಕಲಿತವರು, ಅವರಿಗೆ ಬೇಜಾರಾಗುದಿಲ್ವಾ" ಎನ್ನುತ್ತಿದ್ದರು.

ಇನ್ನೊಂದು ಹೇಳಬೇಕಾದದ್ದು ನನ್ನದೇ ಗುಟ್ಟು. ಮಾತ್ರೆಯ ಡಬ್ಬಿಯೊಳಗೆ ಸಣ್ಣ ಅಕ್ಷರದ ಒಂದು ಕಾಗದ ಮಡಚಿಟ್ಟಿರುತ್ತದೆ. ಅದನ್ನು ನಾನು ಭೂತಗನ್ನಡಿ ಹಿಡಿದು ಓದಿದ್ದೆ. ತಲೆ ಸುತ್ತಬಹುದು, ಕಾಲು ಊದಬಹುದು, ಇನ್ನೂ ಏನೇನೋ ಆಗಬಹುದು ಎಂದಿತ್ತು. ವಿಮೆಯ ಕಾಗದ ಬರೆಯುವವರೇ ಇದನ್ನೂ ಬರೆದಿರಬೇಕು ಅನ್ನಿಸಿತು. ಅಂದಿನಿಂದ ಮಾತ್ರೆಯನ್ನು ಬ್ಲೇಡಿನಲ್ಲಿ ತುಂಡು ಮಾಡಿ ಅರ್ಧವನ್ನೇ ನುಂಗುತ್ತಿದ್ದೆ. ಅರ್ಧ ಮಾತ್ರೆಗೆ ಅರ್ಧ ತೊಂದರೆ ಎಂದು ನನ್ನ ವಿಜ್ಞಾನ. ಹಿಂದಿನ ಗುರುವಾರ ಕಾಣಿಯೂರಿನಲ್ಲಿ ಒಬ್ಬರ ಮನೆಯ ಮೆಟ್ಟಿಲು ಹತ್ತುವಾಗ ಕಣ್ಣು ಕತ್ತಲೆ ಬಂದು, ಅಲ್ಲೇ ಮೆಟ್ಟಿಲಿನಲ್ಲಿ ಕೂತಿದ್ದೆ. ಅದನ್ನೂ ಮನೆಯಲ್ಲಿ ಹೇಳಿರಲಿಲ್ಲ.

ಡಾಕ್ಟರು ನನಗಿಂತ ಹಿರಿಯರು, ಮಾತು ಕಡಿಮೆ. "ಹೇಗುಂಟು?" ಎಂದರು.

"ಅಡ್ಡಿ ಇಲ್ಲ ಡಾಕ್ಟ್ರೇ."

ತೋಳಿಗೆ ಪಟ್ಟಿ ಸುತ್ತಿ ಗಾಳಿ ತುಂಬಿಸಿದರು. ಇನ್ನೊಮ್ಮೆ ತುಂಬಿಸಿದರು. "ಮಾತ್ರೆ ಸರಿಯಾಗಿ ತಗೊಳ್ತೀರಲ್ಲ?"

"ಓ, ದಿನಾ."

"ಅರ್ಧ ತಗೊಳ್ಳುದು," ಎಂದಿತು ನನ್ನ ಹಿಂದಿನಿಂದ ಒಂದು ಸ್ವರ.

ಡಾಕ್ಟರು ತಲೆಯೆತ್ತಿ ಮಗಳನ್ನು ನೋಡಿದರು. ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ.

"ನಿನಗೆ ಹೇಗೆ ಗೊತ್ತು?"

"ಬ್ಲೇಡಿನಲ್ಲಿ ಬಿಳಿ ಪುಡಿ ಇರ್ತದೆ. ಮತ್ತೆ ಕಳೆದ ತಿಂಗಳು ಹೊಸ ಮಾತ್ರೆ ತಂದೇ ಇಲ್ಲ, ಹಳೆಯದೇ ಮುಗಿದಿಲ್ಲ." ಬೆರಳು ಮಡಚುತ್ತಾ ಮುಂದುವರಿಸಿದಳು. "ಸಿನಿಮಾ ನೋಡುವಾಗ ಕುತ್ತಿಗೆಗೆ ಎರಡು ಬೆರಳು ಇಟ್ಟುಕೊಳ್ತಾರೆ. ನೆಲದಿಂದ ಏಳುವಾಗ ಗೋಡೆ ಹಿಡಿತಾರೆ, ಮೊದಲು ಹಿಡಿತಿರಲಿಲ್ಲ. ಗುರುವಾರ ಕಾಣಿಯೂರಿಂದ ಬರುವಾಗ ಪ್ಯಾಂಟಿನ ಹಿಂದೆ ಪಾಚಿ ಇತ್ತು. ಎಲ್ಲಿಯೋ ಕೂತಿದ್ದಾರೆ. ಕೇಳಿದ್ರೆ ಹೇಳುದಿಲ್ಲ, ಹಾಗಾಗಿ ಕೇಳ್ಲಿಲ್ಲ."

ಹತ್ತು ದಿನ ನಾನು ಅವಳನ್ನು ಓರೆಗಣ್ಣಿನಿಂದ ನೋಡಿದ್ದೆ. ಆ ಹೊತ್ತಿಗೆ ಅವಳು ಟಿ.ವಿ. ಬಿಟ್ಟು ನನ್ನನ್ನೇ ನೋಡುತ್ತಿದ್ದಳು ಎಂದಾಯಿತು. ಅದೂ ನನಗಿಂತ ಚೆನ್ನಾಗಿ.

ಡಾಕ್ಟರು ನನ್ನನ್ನು ಬಿಟ್ಟು ಅವಳನ್ನೇ ಕೇಳತೊಡಗಿದರು. "ತಲೆ ತಿರುಗುದು ಎದ್ದ ಕೂಡಲೇ ಮಾತ್ರವಾ, ನಡೆದ ಮೇಲೂ ಉಂಟಾ? ಎದೆ ಹಿಡಿದ ಹಾಗೆ ಆಗ್ತದಾ?"

ಅವಳು ಯೋಚಿಸಿದಳು. "ಅದು ನನಗೆ ಗೊತ್ತಿಲ್ಲ. ಅಪ್ಪನೇ ಹೇಳ್ಬೇಕು."

ಇಬ್ಬರೂ ನನ್ನ ಕಡೆ ತಿರುಗಿ ಕಾದರು. ನಾನು ನೋಡಿದ ಯಾವ ಸಿನಿಮಾದಲ್ಲೂ ಯಾರೂ ಇಷ್ಟು ಹೊತ್ತು ಸುಮ್ಮನೆ ಕಾದಿರಲಿಲ್ಲ. ಕೊನೆಗೆ ನಾನು ಎಲ್ಲ ಹೇಳಿದೆ: ಮೆಟ್ಟಿಲು, ಕತ್ತಲೆ, ಕಾಗದ, ಬ್ಲೇಡು, ಎದೆ ಹಿಡಿಯುವುದಿಲ್ಲ, ಆದರೆ ಹಿಡಿದೀತು ಎಂದು ದಿನವಿಡೀ ಅನ್ನಿಸುತ್ತದೆ ಎನ್ನುವುದು. ಡಾಕ್ಟರು ನಗಲಿಲ್ಲ. ಇ.ಸಿ.ಜಿ. ತೆಗೆದರು. ಸರಿ ಇತ್ತು. ಮಾತ್ರೆ ಬದಲಿಸಿ, ಚೀಟಿಯಲ್ಲಿ "ಪೂರ್ತಿ ಒಂದು" ಎಂದು ಬರೆದು ಅಡಿಗೆರೆ ಎಳೆದರು. ಚೀಟಿಯನ್ನು ನನ್ನ ಕೈಗೆ ಕೊಡದೆ ಅವಳ ಕೈಗೆ ಕೊಟ್ಟರು.

"ಎಂತ ಓದುದು?"

"ನೀಟ್ ಬರೆದಿದ್ದೆ. ಮಾರ್ಕು ಸಾಕಾಗ್ಲಿಲ್ಲ."

ಈಗ ಅವರು ಒಂದು ಒಳ್ಳೆಯ ಮಾತು ಹೇಳುತ್ತಾರೆ, ಹಿಂದೆ ವೀಣೆಯೋ ಕೊಳಲೋ ಕೇಳುತ್ತದೆ ಎಂದು ನಾನು ಕಾದೆ. ಅವರು "ಹಾಗಾ" ಎಂದು ಮುಂದಿನವರಿಗೆ ಬೆಲ್ ಒತ್ತಿದರು.

ಹೊರಗೆ ಬಂದು ಹೋಟೆಲಿನಲ್ಲಿ ಕೂತೆವು. ಅವಳು ಗೋಳಿಬಜೆ ಹೇಳಿದಳು. ನನಗೆ ಉಪ್ಪಿಲ್ಲದ್ದು ಏನುಂಟು ಎಂದು ಮಾಣಿಯನ್ನು ಕೇಳಿ ಮಾನ ತೆಗೆದಳು. ನಾನು ಇಷ್ಟು ದಿನ ಕೇಳದ್ದನ್ನು ಕೇಳಿದೆ.

"ಆ ಸುಳ್ಯದ ಸಿನಿಮಾದಲ್ಲಿ ಅಂಥದ್ದು ಎಂತ ಇತ್ತು?"

"ಯಾವುದು? ಓ, ಅದಾ." ನಕ್ಕಳು. "ಎಂತ ಇಲ್ಲ. ಕತೆ ಅರ್ಧ ಮರೆತುಹೋಗಿದೆ."

"ಮತ್ತೆ ಅದನ್ನು ನೋಡಿಯೇ ಅಲ್ವಾ ಡಾಕ್ಟರ್ ಆಗುದು ಅಂತ ಬಂದದ್ದು?"

"ಆಗ್ಬೇಕು ಅಂತ ಮೊದಲೇ ಇತ್ತು. ಅಮ್ಮ ಬಸಳೆ ಕೊಯ್ತಾ ಹೇಳುದನ್ನೆಲ್ಲ ಸಣ್ಣದಿರುವಾಗಿಂದ ಕೇಳಿದ್ದಲ್ವಾ. ಆ ಅಜ್ಜಿ ಎಂತಕ್ಕೆ ಊಟ ಬಿಟ್ಟದ್ದು, ಆ ಮಗುವಿಗೆ ಎಂತಕ್ಕೆ ಜ್ವರ ಬಿಡ್ಲಿಲ್ಲ ಅಂತ. ಕತೆ ಯಾವಾಗಲೂ ಅರ್ಧಕ್ಕೆ ನಿಲ್ತದೆ. ಮತ್ತೆ ಎಂತ ಆಯ್ತು ಕೇಳಿದ್ರೆ, ಅದು ಡಾಕ್ಟ್ರಿಗೆ ಗೊತ್ತು ಅಂತಾರೆ ಅಮ್ಮ." ಗೋಳಿಬಜೆಯನ್ನು ಚಟ್ನಿಗೆ ಅದ್ದಿದಳು. "ಸಿನಿಮಾದಲ್ಲಿ ಆ ಡಾಕ್ಟರು ಹುಡುಗಿ ಬಸ್ಸಲ್ಲಿ ಬರುದು. ಚಪ್ಪಲಿ ತುಂಡಾಗಿ ಪಿನ್ ಹಾಕಿರ್ತಾಳೆ. ನಮ್ಮ ಹಾಗೆಯೇ ಇದ್ದಾಳೆ ಅಂತ ಕಂಡಿತು. ಹಾಗಾದ್ರೆ ಆಗ್ಬಹುದು ಅಂತ. ಅಷ್ಟೇ."

ನಾನು ಉಪ್ಪಿಲ್ಲದ ಏನನ್ನೋ ತಿಂದೆ. ಎರಡು ವರ್ಷ ಹಾರುವ ಬಿಳಿ ಕೋಟಿನೊಡನೆ ಜಗಳವಾಡಿದ್ದೆ. ಅಲ್ಲಿದ್ದದ್ದು ಪಿನ್ ಹಾಕಿದ ಒಂದು ಚಪ್ಪಲಿ.

ಶನಿವಾರ ಅರ್ಜಿ ಕೊಡುವ ಕೊನೆಯ ದಿನ. ಬೆಳಿಗ್ಗೆಯೇ ಅಂಗಿ ಹಾಕಿ, ಅರ್ಜಿಯನ್ನು ಪ್ಲಾಸ್ಟಿಕ್ ಕವರಿಗೆ ಸೇರಿಸಿ, ಮಗಳ ಎದುರು ನಿಂತೆ. ಹೆಂಡತಿ ಬಾಗಿಲ ಹತ್ತಿರ ಡ್ಯೂಟಿಗೆ ಹೊರಟು ನಿಂತಿದ್ದಳು. ಆದರೆ ಹೊರಡಲಿಲ್ಲ.

"ಇನ್ನೊಂದು ವರ್ಷ ಓದಿಯೂ ಆಗದಿದ್ರೆ?" ಎಂದೆ.

"ಬಿ.ಎಸ್ಸಿ. ಸೇರುದು. ಮೂರನೇ ಸಲ ಕೇಳುದಿಲ್ಲ."

"ಜೊತೆಯವರೆಲ್ಲ ಒಂದು ವರ್ಷ ಮುಂದೆ ಹೋಗಿರ್ತಾರೆ."

"ಹೋಗ್ಲಿ."

"ಹೆದರಿಕೆ ಇಲ್ವಾ ನಿನಗೆ?"

ಇಲ್ಲ ಎನ್ನುತ್ತಾಳೆ ಎಂದುಕೊಂಡಿದ್ದೆ. ಅವಳು ತಾಯಿಯ ಮುಖ ನೋಡಿದಳು, ಆಮೇಲೆ ನನ್ನದು. "ಉಂಟು," ಎಂದಳು. "ತುಂಬ ಉಂಟು. ಮೊನ್ನೆ ರಿಸಲ್ಟ್ ಬಂದಾಗ ಬಚ್ಚಲಲ್ಲಿ ಹೋಗಿ ಅತ್ತೆ. ಆದ್ರೂ ಓದ್ತೇನೆ."

ಅವಳು "ಅಡ್ಡಿ ಇಲ್ಲ" ಎಂದು ಹೇಳಿ ಮುಗಿಸಬಹುದಿತ್ತು. ನಾನಾಗಿದ್ದರೆ ಹಾಗೆಯೇ ಹೇಳುತ್ತಿದ್ದೆ. ಹೆದರಿಕೆಯಲ್ಲಿ ನಾನು ಈ ಮನೆಯ ಹಿರಿಯ. ನನ್ನ ಹೆದರಿಕೆಯನ್ನು ನಾನು ಒಮ್ಮೆಯೂ ಇಷ್ಟು ನೆಟ್ಟಗೆ ಹೇಳಿದವನಲ್ಲ, ಹೇಳಿ ಆದ ಮೇಲೆ ಏನನ್ನೂ ಮಾಡಿದವನೂ ಅಲ್ಲ. ನಾನು ಕವರನ್ನು ಕಪಾಟಿನೊಳಗೆ ಹಾಕಿ ಅಂಗಿ ಬಿಚ್ಚಿದೆ.

"ಮತ್ತೆಂತ ಮಾಡುದೀಗ?" ಎಂದಳು ಹೆಂಡತಿ.

"ನನ್ನ ಮೇಜು ಖಾಲಿ ಮಾಡುದು," ಎಂದೆ.

ಮುಂದಿನ ಕೋಣೆಯಲ್ಲಿ ನನ್ನ ಆಫೀಸು ಎಂದು ನಾನು ಕರೆಯುವ ಮೇಜು ಅದು. ಮನೆಯಲ್ಲಿ ಬೆಳಕು ಚೆನ್ನಾಗಿ ಬೀಳುವುದು ಅಲ್ಲಿ ಮಾತ್ರ. ಮಗಳು ಅಲ್ಲಿಯವರೆಗೆ ಮಂಚದ ಮೇಲೆ ಬಗ್ಗಿ ಓದುತ್ತಿದ್ದಳು. ನಾನು ಫೈಲುಗಳನ್ನು ಎತ್ತಿ ಫ್ರಿಜ್ಜಿನ ಮೇಲೆ ಜೋಡಿಸಿದೆ. ಹೆಂಡತಿ ಡ್ಯೂಟಿಗೆ ತಡವಾದರೂ ಒಂದು ಬದಿ ಹಿಡಿದು ಮೇಜನ್ನು ಕಿಟಕಿಗೆ ಹತ್ತಿರ ಸರಿಸಿ ಹೋದಳು. ಮಗಳು ಜೀವಶಾಸ್ತ್ರದ ದಪ್ಪ ಪುಸ್ತಕ ತಂದು ಇಟ್ಟಾಗ ಮೇಜು ಒಂದು ಕಡೆಗೆ ವಾಲಿತು.

"ಬೀಳ್ತದೆ," ಎಂದೆ.

"ಬೀಳುದಿಲ್ಲ ಅಪ್ಪ."

ಆದರೂ ನಾನು ಹಳೆಯ ಫೈಲಿನ ಒಂದು ರಟ್ಟನ್ನು ಮಡಚಿ, ಮೊಣಕಾಲೂರಿ ಕೂತು, ಮೇಜಿನ ಕಾಲಿನ ಕೆಳಗೆ ತುರುಕತೊಡಗಿದೆ. ಅವಳು ಪುಸ್ತಕ ತೆರೆಯದೆ ಕಾದಳು. ಏಳುವಾಗ ನಾನು ಮೇಜು ಹಿಡಿದೆನೋ ಇಲ್ಲವೋ ಎಂದು ನೋಡಿಕೊಂಡು, ಆಮೇಲೆ ಓದಲು ಕೂತಳು.