ತಲೆಗೆ ಕೊಟ್ಟದ್ದು, ನಾಲಿಗೆಗೆ ಬಂದದ್ದು

ಏನೋ ಒಂದು ಆಡಿಬಿಟ್ಟು, ಆಮೇಲೆ ‘ನಾನಲ್ಲ, ಬಾಯಿ ಆಡಿತು’ ಎನ್ನುವವರನ್ನು ನಾನು ಎಂದೂ ನಂಬಿದವನಲ್ಲ. ನಾನು ಹುಟ್ಟಾ ಅಂಜುಬುರುಕ. ದೇವದುರ್ಗದ ಶಾಲೆಗೆ ಹೊರಟವನು, ಮನೆಗೆ ಬೀಗ ಹಾಕಿದೆನೋ ಇಲ್ಲವೋ ಎಂದು ನಡುದಾರಿಯಲ್ಲಿ ಬಸ್ಸಿಳಿದು ಮಾನ್ವಿಗೆ ವಾಪಸಾದ ಮೇಷ್ಟ್ರು. ಮಾತಾಡುವುದಕ್ಕೂ ಅಷ್ಟೇ ಅಂಜಿಕೆ. ಅದಕ್ಕೇ ಗೆಳೆಯ ರಫೀಕನ ಮನೆಯವರು ತಮ್ಮ ಗುಟ್ಟನ್ನು ಧೈರ್ಯವಾಗಿ ನನ್ನ ಹತ್ತಿರ ಇಟ್ಟಿದ್ದರು.

ಗುಟ್ಟು ಇಷ್ಟೇ. ರಫೀಕನ ಅಣ್ಣ ಸಲೀಂ ಸೌದಿಯಲ್ಲಿ ಕಟ್ಟಡದ ಮೇಲಿಂದ ಬಿದ್ದು, ಎರಡು ದಿನ ನರಳಿ ತೀರಿಕೊಂಡ. ಮಣ್ಣೂ ಅಲ್ಲಿಯೇ ಆಯಿತು. ತಾಯಿಯ ಎದೆ ಬಲಹೀನ, ತಡೆಯಲಾರರು ಎಂದು ಅವರಿಗೆ ಯಾರೂ ಸುದ್ದಿ ಹೇಳಲಿಲ್ಲ. ಅಲ್ಲಿಯೇ ಇದ್ದ ಚಿಕ್ಕಪ್ಪನ ಮಗನ ದನಿ ಸಲೀಮನಂತೆಯೇ ಇತ್ತು. ಪ್ರತಿ ಶುಕ್ರವಾರ ಅವನು ಫೋನಿನಲ್ಲಿ ‘ಅಮ್ಮೀ’ ಎನ್ನುತ್ತಿದ್ದ. ಹೀಗೆ ಮೂರು ವರ್ಷ ನಡೆಯಿತು.

ಆಗಲೇ ನಾನೂ ರಫೀಕನೂ ಗುಟ್ಕಾ ಬಿಡಲು ರಾಯಚೂರಿನ ಒಬ್ಬ ಡಾಕ್ಟರ ಬಳಿ ಹೋದದ್ದು. ಹಣೆಯ ಪಕ್ಕ ಒಂದು ಸುರುಳಿ ಹಿಡಿದು, ಟಕ್ ಟಕ್ ಎಂದು ಮಿದುಳಿಗೆ ಅಯಸ್ಕಾಂತದ ಹೊಡೆತ ಕೊಡುವ ಯಂತ್ರ. ಮನಸ್ಸಿನ ಹಿಡಿತ ಗಟ್ಟಿಯಾಗುತ್ತದಂತೆ. ಹತ್ತು ದಿನ, ಒಂದೇ ಕುರ್ಚಿ, ಅವನಾದ ಮೇಲೆ ನಾನು.

“ಎಲ್ಲಾರಿಗೂ ಒಂದೇ ಥರ ಆಗಂಗಿಲ್ರಿ. ಕೆಲವರಿಗೆ ಉಲ್ಟಾನೂ ಆಗಬಹುದು,” ಎಂದು ಡಾಕ್ಟರು ಮೊದಲೇ ಹೇಳಿದ್ದರು.

ನಾಲ್ಕನೇ ದಿನಕ್ಕೆ ರಫೀಕ ಗುಟ್ಕಾ ಪೊಟ್ಟಣದ ಕಡೆ ನೋಡುವುದನ್ನೂ ಬಿಟ್ಟ. ನಾನು ದುಪ್ಪಟ್ಟು ತಿನ್ನತೊಡಗಿದೆ.

“ತಲ್ಯಾಗ ಏನರ ಇದ್ರ ತಾನ ಲೇ ಹತ್ತೋದು,” ಎಂದು ರಫೀಕ ನಕ್ಕ.

ಎಂಟನೇ ದಿನ ಮಧ್ಯಾಹ್ನ, ರಾಯಚೂರಿನಿಂದ ಬಂದು ಅವನ ಮನೆಯಲ್ಲಿ ಚಹಾಕ್ಕೆ ಕೂತೆವು. ತಾಯಿ ನನ್ನ ಕೈಗೆ ಬಟ್ಟಲು ಕೊಡುತ್ತ, “ಈ ಸಲ ಈದ್‌ಗೆ ಸಲೀಂ ಬರ್ತಾನಂತ ಬೇಟಾ. ನಿನಗೇನು ತರ್ಲಿ ಅಂತ ಕೇಳ್ಯಾನ,” ಎಂದರು.

“ಸಲೀಂ ಸತ್ತು ಮೂರು ವರ್ಷ ಆತು,” ಎಂದೆ.

ಸಿಟ್ಟಿರಲಿಲ್ಲ. ನಾಲಿಗೆ ತೊದಲಲೂ ಇಲ್ಲ. ನಾಚಿಕೆ ಬಿಟ್ಟು ಹೇಳುತ್ತೇನೆ: ಬಾಯಿ ತುಂಬ ಹಿಡಿದದ್ದನ್ನು ಉಗುಳಿದಷ್ಟು ಹಗುರವಾಯಿತು. ತಾಯಿ ಮಗನ ಮುಖ ನೋಡಿದರು. ಅವನು ನನ್ನನ್ನು ಹೊಡೆಯುತ್ತಾನೆಂದು ಕಾದೆ. ಹೊಡೆದಿದ್ದರೆ ಚೆನ್ನಾಗಿತ್ತು.

“ಚಹಾ ಆರ್ತದ, ಕುಡಿ,” ಎಂದ ರಫೀಕ.

ತಾಯಿ ನೆಲಕ್ಕೆ ತಲೆ ಚಚ್ಚಿಕೊಂಡು ಅಳುತ್ತಿರುವಾಗ ಅವನು ತನ್ನ ಬಟ್ಟಲನ್ನು ಸಾವಕಾಶ ಖಾಲಿ ಮಾಡಿದ.

ಉಳಿದೆರಡು ದಿನ ನಾನು ರಾಯಚೂರಿಗೆ ಹೋಗಲಿಲ್ಲ. ತಿಂಗಳಾದ ಮೇಲೆ, ಹಾಸಿಗೆ ಹಿಡಿದಿದ್ದ ತಾಯಿ ನನ್ನೊಬ್ಬನನ್ನೇ ಕರೆಸಿದರು.

“ಹೆಂಗ ಸತ್ತ? ಮನ್ಯಾಗಿನವರು ಸುಳ್ಳು ಹೇಳ್ತಾರ. ನೀ ಹೇಳು.”

“ನಿದ್ದ್ಯಾಗ ಹೋದನಂತ್ರೀ ಅಮ್ಮಾ. ಏನೂ ತ್ರಾಸ ಆಗ್ಲಿಲ್ಲಂತ.”

ನಾನು ಕಣ್ಣು ತಪ್ಪಿಸಿದ್ದು ಅವರಿಗೆ ಕಂಡಿತು. “ಅವತ್ತು ನೀನೊಬ್ಬಾಂವ ಖರೆ ಹೇಳಿದ್ದಿ. ಈಗ ನೀನೂ ಅವರ ಕೂಡ ಸೇರಿದಿ,” ಎಂದು ಗೋಡೆಯ ಕಡೆ ಹೊರಳಿದರು. ಆ ವಾರವೇ ತೀರಿಕೊಂಡರು. ಮಣ್ಣು ಕೊಡುವಾಗಲೂ ರಫೀಕ ಅಳಲಿಲ್ಲ.

ಅವತ್ತು ಹಾಗೆ ಆಡಿದ್ದು ಯಂತ್ರದಿಂದಲೋ ಎಂದು ಡಾಕ್ಟರನ್ನು ಕೇಳಿದೆ. “ಯಂತ್ರದ್ದೋ ನಿಮ್ಮದೋ, ಹೇಳಾಕ ಬರಂಗಿಲ್ರಿ,” ಎಂದರು. ನಾನಾಡಿದ ಆ ಮಾತನ್ನು ಯಂತ್ರದ ಕೊರಳಿಗೆ ಕಟ್ಟಲು ಎಷ್ಟೋ ಸಲ ನೋಡಿದ್ದೇನೆ. ಕಟ್ಟಲೂಬಹುದು. ಆದರೆ ಅದನ್ನು ಆಡಿದಾಗ ಹಗುರವಾದದ್ದು ಯಾರಿಗೆ ಎಂಬುದು ಇವತ್ತಿಗೂ ನನಗೆ ತಿಳಿದಿಲ್ಲ.