ಗಲಗಲಿಯವರು ಬರೆದ ಸನ್ಮಾನ ಪತ್ರ

ಧಾರವಾಡದಲ್ಲಿ ಯಾರಾದರೂ ನಿವೃತ್ತರಾದರೆ ಶಾಲು ತರಲು ಒಂದು ಅಂಗಡಿ, ಹಾರ ತರಲು ಇನ್ನೊಂದು ಅಂಗಡಿ, ಸನ್ಮಾನ ಪತ್ರಕ್ಕೆ ಪಂಢರಿನಾಥ ಗಲಗಲಿ. "ಸಹೃದಯರೇ, ಸಜ್ಜನಶಿರೋಮಣಿಗಳೇ" ಎಂದು ಅವರು ಓದತೊಡಗಿದರೆ, ಮೂವತ್ತು ವರ್ಷ ಕಚೇರಿಯಲ್ಲಿ ತೂಕಡಿಸಿದವನಿಗೂ ತಾನೇನೋ ಸಾಧಿಸಿದೆನೆಂದು ಕಣ್ಣು ತುಂಬಿ ಬರುತ್ತಿತ್ತು.

ಹೊಟ್ಟೆಪಾಡಿಗೆ ಮಾತ್ರ ಅವರು ಮೇಘಮಾರ್ಗ ಏರ್ ಎಂಬ ವಿಮಾನ ಕಂಪನಿಯ ನೌಕರರು. ಹನ್ನೊಂದು ವರ್ಷ ಊರೂರು ತಿರುಗಿ, ಎಂಟು ವರ್ಷದಿಂದ ಗೋಕುಲ ರಸ್ತೆಯ ವಿಮಾನ ನಿಲ್ದಾಣದ ಕೌಂಟರಿನಲ್ಲಿದ್ದರು. ಬೋರ್ಡಿಂಗ್ ಪಾಸ್ ಕೊಡುವುದು, ವಿಮಾನ ತಡವಾದಾಗ ಕನ್ನಡ, ಹಿಂದಿ, ಇಂಗ್ಲಿಷ್ ಮೂರರಲ್ಲೂ ವಿಷಾದಿಸುವುದು ಅವರ ಕೆಲಸ. ಹೀಗೆ ಹತ್ತೊಂಬತ್ತು ವರ್ಷ ವಿಷಾದಿಸುವಷ್ಟರಲ್ಲಿ ವಯಸ್ಸು ಐವತ್ತೆರಡಾಗಿತ್ತು.

ಆಗ ಬಂತು ವಿಲೀನದ ಸುದ್ದಿ. ನಷ್ಟದಲ್ಲಿದ್ದ ಮೇಘಮಾರ್ಗ, ತನ್ನಂತೆಯೇ ನಷ್ಟದಲ್ಲಿದ್ದ ಇನ್ನೊಂದು ದೊಡ್ಡ ಕಂಪನಿಯಲ್ಲಿ ಸೇರಿಹೋಗುತ್ತದಂತೆ. ಹತ್ತೊಂಬತ್ತು ವರ್ಷದ ಸೇವೆ ಅಲ್ಲಿ ಗಣನೆಗೆ ಬರುತ್ತದೋ, ಇಲ್ಲ ಐವತ್ತೆರಡರಲ್ಲಿ ಹೊಸಬನಾಗಿ ಕೈಕಟ್ಟಿ ನಿಲ್ಲಬೇಕೋ, ಯಾರೂ ಹೇಳುವವರಿಲ್ಲ.

"ಮುಳುಗೂ ಕಂಪನೀನ ಇನ್ನೊಂದು ಮುಳುಗೂ ಕಂಪನಿಗೆ ಕಟ್ಟಿದ್ರ ತೇಲ್ತಾವೇನ್ರೀ ಸಾಹೇಬ್ರ?" ಎಂದು ಚಹಾ ಕುಡಿಯುತ್ತ ಕೇಳಿದ ದುರಗಪ್ಪ. ವಿಮಾನಕ್ಕೆ ಸಾಮಾನು ಏರಿಸುವವರಲ್ಲಿ ಅವನೇ ಹಿರಿಯ.

"ನಮ್ಮ ಸಿಇಓಗ ಏನ್ ತಿಳೀತದೋ? ಹೋದ ವರ್ಷದ ತನಕಾ ಬಿಸ್ಕಿಟ್ ಕಂಪನಿ ನಡಸ್ತಿದ್ದಾ. ಅಂವಾ ಬಂದ ಮ್ಯಾಲೆ ವಿಮಾನದಾಗ ಬಿಸ್ಕಿಟ್ ಕೊಡೂದೂ ಬಂದ್ ಆತು," ಎಂದರು ಪಂಢರಿನಾಥ. ಎಲ್ಲರೂ ನಕ್ಕರು. ನಗುವುದಕ್ಕೆ ಇನ್ನೂ ಯಾರ ಮಂಜೂರಾತಿಯೂ ಬೇಕಿರಲಿಲ್ಲ.

ಮಾರನೆಯ ದಿನ ನಿಲ್ದಾಣದ ಮ್ಯಾನೇಜರ್ ಅಮರೇಶ ಕರೆದ.

"ಗಲಗಲಿ ಅವ್ರ, ಬುಧವಾರ ಸಿಇಓ ಸಾಹೇಬ್ರು ಬರಾಕತ್ತಾರ. ವಿಲೀನದ ಬಗ್ಗೆ ನೌಕರರ ಅಭಿಪ್ರಾಯ ಕೇಳ್ತಾರಂತ. ನಮ್ಮ ಕಡಿಂದ ಒಂದು ಸನ್ಮಾನ ಇಟ್ಟೇನಿ. ಪತ್ರ ನೀವ ಬರೀರಿ."

"ಅಭಿಪ್ರಾಯ ಕೇಳ್ಲಿಕ್ಕೆ ಬಂದವರಿಗೆ ಸನ್ಮಾನ ಯಾಕ್ರಿ?"

"ಮತ್ತೇನ್ ಬೈಗಳಾ ಕೊಡೂದನ? ಬರೀರಿ ಸುಮ್ನ."

ಮನೆಯಲ್ಲಿ ಹೆಂಡತಿ ತಾರಾಬಾಯಿ, "ದಿನಾ ಊಟಕ್ಕ ಕೂತಾಗ ಆ ಮನಶ್ಯಾನ್ನ ಬೈತೀರಿ. ಈಗ ಸಜ್ಜನಶಿರೋಮಣಿ ಅಂತೀರೇನು?" ಎಂದರು. ಮಾತು ನಾಟಿತು. ಪಂಢರಿನಾಥರು ಮೊದಲೆರಡು ಪ್ಯಾರಾ ಹೊಗಳಿ, ಮೂರನೆಯದರಲ್ಲಿ ನೇರವಾಗಿ ಕೇಳಿಯೇಬಿಟ್ಟರು: ನಮ್ಮ ಸೇವಾವಧಿಯನ್ನು ಹೊಸ ಕಂಪನಿ ಒಪ್ಪುವುದೇ? ಸಾಮಾನು ಹೊರುವವರನ್ನು ಬೀದಿಗೆ ಬಿಡುವುದಿಲ್ಲವಷ್ಟೇ? ಈ ಕಂಪನಿಯನ್ನು ಮುಳುಗಿಸಿದವರು ತಾವೋ, ನಾವೋ? ಬರೆದು ಮುಗಿಸಿದಾಗ ತಮ್ಮ ಧೈರ್ಯಕ್ಕೆ ತಾವೇ ಒಂದು ಶಾಲು ಹೊದಿಸಿಕೊಳ್ಳಬೇಕೆನ್ನಿಸಿತು.

ಅಮರೇಶ ಮೊದಲ ನಾಲ್ಕು ಸಾಲು ಓದಿ, "ಭಾರೀ ಆಗೇತ್ರಿ" ಎಂದು ಕಟ್ಟು ಹಾಕಿಸಲು ಕಳಿಸಿದ.

ಬುಧವಾರ, ಎರಡು ವಿಮಾನಗಳ ನಡುವೆ, ಸನ್ಮಾನ. ಶಾಲು, ಹಾರ, ಪೇಢೆಯ ಡಬ್ಬಿ. ಪಂಢರಿನಾಥರು ಓದಿದರು. ಮೂರನೆಯ ಪ್ಯಾರಾಕ್ಕೆ ಬಂದಾಗ ಅಮರೇಶನ ಮುಖ ಬಿಳಿಚಿತು, ಹಿಂದೆ ನಿಂತ ದುರಗಪ್ಪನ ಎದೆ ಉಬ್ಬಿತು. ಕನ್ನಡದ ಒಂದಕ್ಷರವೂ ಬಾರದ ಸಿಇಓ ಸಾಹೇಬರು ಒಂದೊಂದು ಪ್ರಶ್ನೆಗೂ ನಗುತ್ತ ಗೋಣು ಹಾಕಿದರು. ದುರಗಪ್ಪ ಜೋರಾಗಿ ಚಪ್ಪಾಳೆ ತಟ್ಟಿದ.

ಏನು ಬರೆದಿದ್ದಾರೆಂದು ಸಾಹೇಬರು ಅಮರೇಶನನ್ನು ಇಂಗ್ಲಿಷಿನಲ್ಲಿ ಕೇಳಿದರು. ವಿಲೀನವನ್ನು ಎಲ್ಲರೂ ಮನಸಾರೆ ಸ್ವಾಗತಿಸಿದ್ದಾರೆ ಎಂದ ಅಮರೇಶ, ಹಣೆ ಒರೆಸಿಕೊಳ್ಳುತ್ತ. ಸಾಹೇಬರಿಗೆ ಸಂತೋಷವಾಯಿತು. ಪಂಢರಿನಾಥರ ಕೈ ಹಿಡಿದು, ಮತ್ತೇನಾದರೂ ಹೇಳುವುದಿದೆಯೇ ಎಂದು ಅವರನ್ನೇ ಕೇಳಿದರು.

ಪಂಢರಿನಾಥರು ಬಾಯಿ ತೆರೆದರು. ಹೇಳುವುದು ಎದೆಯಲ್ಲಿತ್ತು, ಇಂಗ್ಲಿಷು ನಾಲಿಗೆಯ ಮೇಲಿತ್ತು. ನಿಮ್ಮ ಪ್ರಯಾಣ ಸುಖಕರವಾಗಲಿ ಎಂಬ ಮಾತು, ಸ್ಪಷ್ಟವಾದ ಇಂಗ್ಲಿಷಿನಲ್ಲಿ, ಹೊರಗೆ ಬಂತು.

ವಿಮಾನ ಹಾರಿದ ಮೇಲೆ ಅವರು ಅಮರೇಶನ ಮೇಲೆ ಏರಿಹೋದರು. "ಇಷ್ಟು ಸುಳ್ಳು ಹೇಳ್ತಾರೇನ್ರಿ?"

"ಸುಳ್ಳ ಹೇಳೇನಿ, ಖರೇ. ನನಗೂ ಮನಿ ಮಕ್ಕಳು ಅದಾವ್ರಿ," ಎಂದ ಅಮರೇಶ. "ನಿಮ್ಮನ್ನೂ ಕೇಳಿದ್ರಲ್ಲ? ನೀವ್ಯಾಕ ಹೇಳಲಿಲ್ಲ?"

ಪಂಢರಿನಾಥರು ಕೌಂಟರಿಗೆ ಮರಳಿ, ಮುಂದಿನ ವಿಮಾನ ತಡವಾದದ್ದಕ್ಕೆ ಮೂರೂ ಭಾಷೆಯಲ್ಲಿ ವಿಷಾದಿಸಿದರು.

ಎರಡು ತಿಂಗಳಿಗೆ ವಿಲೀನವಾಯಿತು. ಪಂಢರಿನಾಥರಿಗೆ ನೇಮಕಾತಿ ಪತ್ರ ಬಂತು: ಸೇವೆ ಅದೇ ತಿಂಗಳ ಒಂದನೇ ತಾರೀಖಿನಿಂದ ಆರಂಭ, ಮೊದಲ ಆರು ತಿಂಗಳು ಪರೀಕ್ಷಾರ್ಥ. ದುರಗಪ್ಪನಿಗೆ ಪತ್ರವೇ ಬರಲಿಲ್ಲ. ಸಾಮಾನಿನ ಕೆಲಸ ಗುತ್ತಿಗೆದಾರನ ಪಾಲಾಗಿತ್ತು, ಅವನಿಗೆ ತನ್ನದೇ ಆಳುಗಳಿದ್ದರು.

ದುರಗಪ್ಪ ಮಾತ್ರ ಎದೆಗುಂದಲಿಲ್ಲ. "ಸಾಹೇಬ್ರು ಖುದ್ದ ಗೋಣ ಹಾಕಿದ್ರು, ನಾ ಕಣ್ಣಾರೆ ನೋಡೇನ್ರಿ. ಇದೆಲ್ಲಾ ಕೆಳಗಿನ ಗುಮಾಸ್ತರ ಕಾರಭಾರ. ನೀವ ಇನ್ನೊಂದು ಪತ್ರಾ ಬರೀರಿ. ನಿಮ್ಮ ಮಾತಂದ್ರ ಅವ್ರು ಕೇಳ್ತಾರ."

"ಬರೀತೀನಿ," ಎಂದರು ಪಂಢರಿನಾಥ, ಅವನ ಮುಖ ನೋಡದೆ.

ಅವನು ಅತ್ತ ಹೋದ ಮೇಲೆ, ತಮ್ಮ ನೇಮಕಾತಿ ಪತ್ರದ ಕೊನೆಯಲ್ಲಿ 'ಎಲ್ಲ ಷರತ್ತುಗಳಿಗೂ ಸಮ್ಮತಿಯಿದೆ' ಎಂದಿದ್ದ ಕಡೆ ಅವರು ಸಹಿ ಮಾಡಿ, ಅಮರೇಶನ ಮೇಜಿನ ಮೇಲೆ ಇಟ್ಟು ಬಂದರು.