ಕುಳಿತು ಮಾಡುವ ಕೆಲಸ

ಪಕ್ಕದ ಮನೆಯವರು ಹೊಸ ಬಾಗಿಲು ಮಾಡಿಸುತ್ತಿದ್ದಾರೆ. ನಾಲ್ಕು ದಿನದಿಂದ ಅವರ ಅಂಗಳದಲ್ಲಿ ಬಡಿಗ ಸಾಗವಾನಿ ಹಲಗೆಗಳನ್ನು ಕೀಸುತ್ತಿದ್ದಾನೆ. ಹೊಸದಾಗಿ ಕೀಸಿದ ಸಾಗವಾನಿಯ ವಾಸನೆ ನಿಮಗೆ ಗೊತ್ತೇ? ಅದು ಹೂವಿನದಲ್ಲ, ಹಣ್ಣಿನದೂ ಅಲ್ಲ. ಎಣ್ಣೆ ಕುಡಿದ ಹಳೆಯ ಚಪ್ಪಲಿಯ ವಾಸನೆಗೆ ಸ್ವಲ್ಪ ಹತ್ತಿರ. ಅದನ್ನು ಮೂಗು ಅರಳಿಸಿ ಹೀರುವವಳು ಈ ಹಳಿಯಾಳದಲ್ಲಿ ನಾನೊಬ್ಬಳೇ ಇರಬೇಕು. ಮೊನ್ನೆ ಚಹಾದ ಬಟ್ಟಲು ಹಿಡಿದು ಕಟ್ಟೆಯ ಮೇಲೆ ಕೂತವಳು ಚಹಾ ಆರಿದ್ದೂ ತಿಳಿಯದೆ ಕೂತುಬಿಟ್ಟಿದ್ದೆ. ಸೊಸೆ ಬಂದು, "ಅತ್ತಿ, ಆ ಬಡಿಗ್ಯಾನ ಕೆಲಸಾ ನೀವ ಉಸ್ತುವಾರಿ ಮಾಡಾಕತ್ತೀರೇನ್ರಿ?" ಎಂದು ಚೇಷ್ಟೆ ಮಾಡಿದಳು. ನಾನಾಗ ಅಲ್ಲಿರಲೇ ಇಲ್ಲ. ಮಹಾಯುದ್ಧದ ಕಾಲದ ಹಳಿಯಾಳದಲ್ಲಿ, ನಮ್ಮ ಮನೆಯ ಮುಂದಿನ ಎರಡು ಕೋಣೆಗಳಲ್ಲಿ ನಡೆಯುತ್ತಿದ್ದ ಹಲ್ಲಿನ ದವಾಖಾನೆಯಲ್ಲಿದ್ದೆ.

ದವಾಖಾನೆ ನನ್ನ ಯಜಮಾನರದು. ಅವರ ಹೆಸರನ್ನು ಬಾಯಿಬಿಟ್ಟು ಹೇಳುವ ಅಭ್ಯಾಸ ನನಗೆ ಈಗಲೂ ಆಗಿಲ್ಲ, ಅವರು ಹೋಗಿ ಇಷ್ಟು ವರ್ಷವಾದರೂ. ಆದ್ದರಿಂದ ಊರವರ ಹಾಗೆ ನಾನೂ ಡಾಕ್ಟರು ಎನ್ನುತ್ತೇನೆ. ಹುಬ್ಬಳ್ಳಿಯಲ್ಲಿ ಒಬ್ಬ ಹಿರಿಯ ದಂತವೈದ್ಯರ ಕೈಕೆಳಗೆ ನಾಲ್ಕು ವರ್ಷ ಕಲಿತು ಬಂದವರು. ನಾನು ಧಾರವಾಡದ ಕಡೆಯಿಂದ ಹತ್ತೊಂಬತ್ತರ ಹರೆಯದಲ್ಲಿ ಈ ಮನೆಗೆ ಬಂದೆ. ಮದುವೆಯಾದ ಮರುವರ್ಷವೇ ಅವರ ಕಂಪೌಂಡರ್ ಪಲ್ಟನ್ನಿಗೆ ಸೇರಿ ಹೊರಟುಹೋದ. ಬೇರೆ ಯಾರೂ ಸಿಗಲಿಲ್ಲ. "ನಾಕ ದಿನಾ ನೀ ಬೆಳಕ ಹಿಡಿ" ಎಂದರು. ಆ ನಾಲ್ಕು ದಿನ ಇಪ್ಪತ್ತೆಂಟು ವರ್ಷ ನಡೆಯಿತು.

ಬೆಳಕು ಹಿಡಿಯುವುದೆಂದರೆ ದೀಪವಲ್ಲ. ಊರಿಗೆ ಇನ್ನೂ ಕರೆಂಟು ಬಂದಿರಲಿಲ್ಲ. ಕಿಟಕಿಯಿಂದ ಬರುವ ಬಿಸಿಲನ್ನು ಒಂದು ಅಂಗೈಯಗಲದ ಕನ್ನಡಿಯಲ್ಲಿ ಹಿಡಿದು ರೋಗಿಯ ಬಾಯಿಯೊಳಗೆ ಬಿಡಬೇಕು. ಸೂರ್ಯ ಸರಿದ ಹಾಗೆ ನಾನೂ ಸರಿಯಬೇಕು. ಡಾಕ್ಟರ ತಲೆ ಅಡ್ಡ ಬಂದರೆ ಅವರ ಹೆಗಲ ಮೇಲಿಂದ ಬಗ್ಗಬೇಕು. ಮಧ್ಯಾಹ್ನದ ಹೊತ್ತಿಗೆ ನನ್ನ ಕುತ್ತಿಗೆಯಲ್ಲಿ ಯಾರೋ ಗೂಟ ಬಡಿದ ಹಾಗಾಗುತ್ತಿತ್ತು.

ಅವರದು ಇನ್ನೂ ಕಷ್ಟ. ಹಲ್ಲು ಕೊರೆಯುವ ಯಂತ್ರ ಆಗ ಕಾಲಿನಿಂದ ತುಳಿಯುವಂಥದು. ಎಡಗಾಲ ಮೇಲೆ ಮೈಭಾರ ಹಾಕಿ ನಿಂತು, ಬಲಗಾಲಿನಿಂದ ತುಳಿಯುತ್ತ, ಸೊಂಟ ಒಂದು ಕಡೆ, ಕುತ್ತಿಗೆ ಒಂದು ಕಡೆ ತಿರುವಿ, ಸಾಸಿವೆಯಷ್ಟು ತೂತಿನ ಮೇಲೆ ಕಣ್ಣು ನೆಟ್ಟು ಕೆಲಸ ಮಾಡಬೇಕು. ದಾಂಡೇಲಿಯ ಕಟ್ಟಿಗೆ ಡಿಪೋದ ಕೂಲಿಗಳು, ಸೂಪಾ, ಜೋಯಿಡಾ ಕಡೆಯ ಕೊಂಕಣಿ ಮಾತಿನ ರೈತರು, ಉಳವಿಗೆ ನಡೆದು ಹೋಗಿ ದವಡೆ ಊದಿಸಿಕೊಂಡು ಬಂದ ಭಕ್ತರು, ಎಲ್ಲರಿಗೂ ಸುತ್ತಮುತ್ತ ಇವರೊಬ್ಬರೇ. ಹಲ್ಲುನೋವಿನವರಿಗೆ ನಾಳೆ ಬಾ ಎನ್ನಲು ಬರುವುದಿಲ್ಲ ನೋಡಿ.

ಮೂವತ್ತು ತುಂಬುವುದರೊಳಗೆ ಡಾಕ್ಟರು ಮುದುಕರ ಹಾಗೆ ನಡೆಯತೊಡಗಿದರು. ಯಾರಾದರೂ ಕರೆದರೆ ಕುತ್ತಿಗೆ ತಿರುಗುತ್ತಿರಲಿಲ್ಲ, ಇಡೀ ಮೈ ತಿರುಗುತ್ತಿತ್ತು. ದಿನವೂ ಅತ್ತೆಯವರು ಔಡಲೆಣ್ಣೆ ಬಿಸಿ ಮಾಡಿ ಮಗನ ಬೆನ್ನು ತಿಕ್ಕಿ, ಉಪ್ಪಿನ ಗಂಟಿನ ಶಾಖ ಕೊಡುವರು. ಒಂದು ದಿನ ಒಬ್ಬ ಹೆಂಗಸಿನ ದವಡೆಹಲ್ಲು ಕೀಳುವಾಗ ಅವರ ಕೈಯಿಂದ ಇಕ್ಕಳ ಜಾರಿ ಬಿತ್ತು. ಆಕೆಗೇನೂ ಆಗಲಿಲ್ಲ. ಇವರು ಮಾತ್ರ ಬಲಗೈಯ ಬೆರಳುಗಳನ್ನು ನೋಡುತ್ತ ನಿಂತುಬಿಟ್ಟರು. ಬೆರಳಿಗೆ ಜೋಮು ಹಿಡಿದಿತ್ತು. ಅಂದು ಊಟಕ್ಕೆ ಕೂತಾಗ, "ದಾಂಡೇಲಿ ಡಿಪೋದಾಗ ಒಂದ ಗುಮಾಸ್ತರ ಜಾಗಾ ಖಾಲಿ ಐತಂತ. ಕೇಳಿ ನೋಡತೇನಿ" ಎಂದರು. ಅತ್ತೆಯವರ ಕೈ ರೊಟ್ಟಿ ತಟ್ಟುವುದನ್ನು ನಿಲ್ಲಿಸಿತು.

ಮರುದಿನ ಅತ್ತೆಯವರ ಕುಪ್ಪಸ ತರಲು ಬಜಾರದ ದರ್ಜಿ ಸಾಬರ ಅಂಗಡಿಗೆ ಹೋಗಿದ್ದೆ. ಅದು ಇನ್ನೂ ಆಗಿರಲಿಲ್ಲ. ದರ್ಜಿ ಹೇಳಿದ ದಿನಕ್ಕೆ ಬಟ್ಟೆ ಆದದ್ದು ಯಾವ ಊರಿನಲ್ಲಿದೆ? ಕಾಯುತ್ತ ನಿಂತೆ. ಸಾಬರು ಹೊಲಿಗೆ ಯಂತ್ರ ತುಳಿಯುತ್ತಿದ್ದರು. ಅರವತ್ತು ದಾಟಿದ ಮನುಷ್ಯ, ಬೆನ್ನು ಕೋಲಿನ ಹಾಗೆ ನೆಟ್ಟಗಿತ್ತು. ಸ್ಟೂಲಿನ ಮೇಲೆ ಕೂತು ಎರಡೂ ಕಾಲಿನಿಂದ ತುಳಿಯುತ್ತಿದ್ದರು, ಬಟ್ಟೆ ಎದೆಯ ಮುಂದಿತ್ತು. ನಾನು ಅವರ ಕಾಲನ್ನೇ ನೋಡುತ್ತಿರುವುದನ್ನು ಕಂಡು ಅವರು ನಾಚಿ ಪಾದ ಒಳಗೆಳೆದುಕೊಂಡರು.

ಮನೆಗೆ ಬಂದವಳೇ ಕೇಳಿದೆ, "ದರ್ಜಿ ಕುಂತ ತುಳೀತಾನ. ನೀವ್ಯಾಕ ನಿಂತ ತುಳೀತೀರಿ?"

"ಹಲ್ಲಿನ ಡಾಕ್ಟರು ನಿಂತ ಮಾಡತಾರ. ನಮ್ಮ ಗುರುಗಳೂ ನಿಂತ ಮಾಡತಾರ."

"ಅವರ ಕುತ್ತಿಗಿ ಹೆಂಗೈತ್ರಿ?"

ಗುರುಗಳ ಗದ್ದ ಎದೆಗೆ ತಾಗುವಷ್ಟು ಬಾಗಿಹೋಗಿದ್ದನ್ನು ಮದುವೆಯಲ್ಲಿ ನಾನೇ ನೋಡಿದ್ದೆ.

ಅಡಿಗೆಮನೆಯ ಸ್ಟೂಲು ತಂದು ಕೂಡಿಸಿ ನೋಡಿದೆ. ಆಗಲಿಲ್ಲ. ಕೂತರೆ ರೋಗಿಯ ಬಾಯಿ ಇವರ ತಲೆಗಿಂತ ಮೇಲಾಗುತ್ತಿತ್ತು, ಗಿಡದ ಮೇಲಿನ ಹಣ್ಣು ನೋಡಿದ ಹಾಗೆ ನೋಡಬೇಕಾಗುತ್ತಿತ್ತು. ನನ್ನ ಜಾಣತನ ಅಲ್ಲಿಗೆ ಮುಗಿಯಿತು. ಅದನ್ನು ಮುಂದಕ್ಕೆ ಒಯ್ದವನು ಬಡಿಗ ಈರಪ್ಪ. ಅವನು ಬಂದದ್ದು ಹಲ್ಲುನೋವಿಗೆ. ಹಲ್ಲು ಕೀಳಿಸಿಕೊಂಡು, ಬಾಯಲ್ಲಿ ಅರಳೆ ಕಚ್ಚಿಕೊಂಡೇ ಡಾಕ್ಟರ ಸುತ್ತ ಒಂದು ಸುತ್ತು ಬಂದ.

"ಡಾಕ್ಟರ್ ಸಾಹೇಬ್ರ, ನೀವು ಕೆಲಸದ ಕಡೆ ಬಗ್ಗತೀರಿ. ನಾವು ಕೆಲಸಾನ ನಮ್ಮ ಕಡೆ ತರತೇವಿ. ಖುರ್ಚಿ ನಿಮಗೊಂದ ಮಾಡಿದ್ರ ಆಗೂದಿಲ್ಲ, ಬ್ಯಾನಿ ಇದ್ದವರನ್ನ ಮಲಗಿಸಬೇಕು."

ಅವನು ಮೊದಲು ಕಟ್ಟಿಗೆ ಮುಟ್ಟಲಿಲ್ಲ. ಅಕ್ಕಿಯ ಚೀಲಗಳನ್ನು ಒಂದರ ಮೇಲೊಂದು ಇಟ್ಟು, ಡಾಕ್ಟರನ್ನು ಕೂಡಿಸಿ, ಎಷ್ಟು ಎತ್ತರಕ್ಕೆ ಕಾಲು ನೆಲಕ್ಕೆ ಊರುತ್ತದೆ, ತೊಡೆ ಒತ್ತುವುದಿಲ್ಲ, ಮೊಣಕೈ ಸಡಿಲಾಗಿ ನಿಲ್ಲುತ್ತದೆ ಎಂದು ದಾರದಿಂದ ಅಳೆದ. ಎರಡನೆಯ ದಿನ ಒಂದು ಹಲಗೆಯ ಮೇಲೆ ಹದಮಾಡಿದ ಕೆಂಪು ಮಣ್ಣು ಹೊತ್ತು ತಂದ.

"ಇದರ ಮ್ಯಾಲೆ ಕುಂಡ್ರರಿ."

ಡಾಕ್ಟರು ಹಿಂದೆಗೆದರು. ಈರಪ್ಪ ಗಂಭೀರವಾಗಿ ಹೇಳಿದ, "ನೀವು ಮಂದಿ ದವಡಿ ಅಚ್ಚು ತಗೋತೀರಿ. ನಾ ನಿಮ್ಮ ಕುಂಡಿ ಅಚ್ಚು ತಗೊಂಡ್ರ ತಪ್ಪೇನ್ರಿ?"

ಒಳಗಿನಿಂದ ಅತ್ತೆಯವರು ನಕ್ಕದ್ದು ನಮಗೆಲ್ಲ ಕೇಳಿಸಿತು. ನಾನು ಸೆರಗು ಬಾಯಿಗೆ ತುರುಕಿಕೊಂಡು ಗೋಡೆಗೆ ತಿರುಗಿದೆ. ಡಾಕ್ಟರು ಧೋತರ ಸಾವರಿಸಿಕೊಂಡು ಕೂತರು, ಎದ್ದರು. ಈರಪ್ಪ ಮಣ್ಣಿನ ಮುಂದೆ ಕುಕ್ಕರಗಾಲಲ್ಲಿ ಕೂತು ಬಹಳ ಹೊತ್ತು ನೋಡಿದ. ನಗು ಅಲ್ಲಿಗೆ ನಿಂತಿತು.

"ನೋಡ್ರಿ. ಎಡಕ್ಕ ಒಂದ ಬೆರಳ ಜಾಸ್ತಿ ಆಳ ಐತಿ. ಎಡಗಾಲ ಮ್ಯಾಲೆ ನಿಂತ ನಿಂತ ನಿಮ್ಮ ಮೈ ಒಂದ ಕಡೆ ವಾಲೇತಿ. ಹಿಂಗ ಬಿಟ್ರ ಇನ್ನ ಐದ ವರ್ಷಕ್ಕ ಕೋಲ ಹಿಡೀತೀರಿ."

ಆಸನ ಆಗಲು ಒಂದು ತಿಂಗಳು ಹಿಡಿಯಿತು. ಸಾಗವಾನಿಯ ಮೂರು ಕಾಲು. ಸ್ವಲ್ಪ ಮುಂದಕ್ಕೆ ಇಳಿಜಾರಾದ, ಅಚ್ಚಿನಂತೆ ಕೊರೆದ ಪೀಠ, ಆದರೆ ಎಡ ಬಲ ಎರಡೂ ಸಮ ("ಮೈ ಕಟ್ಟಿಗಿ ಮಾತ ಕೇಳಬೇಕು, ಕಟ್ಟಿಗಿ ಮೈ ಮಾತ ಕೇಳಬಾರದು" ಎಂದ ಈರಪ್ಪ). ಬೆನ್ನಿಗೆ ಎತ್ತರದ ಒರಗಿಲ್ಲ, ಸೊಂಟದ ಕುಳಿಗೆ ಮಾತ್ರ ತಾಗುವ ಒಂದು ಗೇಣಿನ ಬಾಗಿದ ಹಲಗೆ. ರೋಗಿಯ ಕುರ್ಚಿಗೆ ಆರಾಮ ಕುರ್ಚಿಯ ಹಾಗೆ ಹಿಂದಕ್ಕೆ ಒರಗಿಸಲು ಕಟ್ಟಿಗೆಯಲ್ಲೇ ಮೂರು ಹಲ್ಲು ಕೊರೆದ. ಎರಡು ಸಲ ಅಳತೆ ತಪ್ಪಿ ಪೀಠ ಹೊಸದಾಗಿ ಮಾಡಿದ. ಇಡೀ ತಿಂಗಳು ದವಾಖಾನೆಯಲ್ಲಿ ಆ ವಾಸನೆಯೇ ಇತ್ತು.

ಕೊನೆಗೆ ಡಾಕ್ಟರು ಕೂತು, ಖಾಲಿ ಯಂತ್ರ ತುಳಿದು ನೋಡಿದರು. ಅವರ ಕುತ್ತಿಗೆ ಹೆಗಲುಗಳ ನಡುವಿನಿಂದ ಮೇಲೆ ಬಂದದ್ದನ್ನು ನಾನು ಕಣ್ಣಾರೆ ಕಂಡೆ. ಏನೂ ಹೊಗಳಲಿಲ್ಲ. "ಇನ್ನೊಂದ ಮಾಡು" ಎಂದರು.

"ಇನ್ನೊಂದ ಯಾರಿಗ್ರಿ?"

"ಇಕಿಗೆ. ಬೆಳಕ ಹಿಡಿಯಾಕಿಗೆ ಕುತ್ತಿಗಿ ಇಲ್ಲೇನು?"

ಈರಪ್ಪ ನನ್ನ ಅಚ್ಚು ಕೇಳಲಿಲ್ಲ. ದಾರ ಅತ್ತೆಯವರ ಕೈಗೆ ಕೊಟ್ಟು, "ಅಕ್ಕಾರ ಅಳತಿ ನೀವ ತಗೋರಿ" ಎಂದು ಹೊರಗೆ ಹೋಗಿ ನಿಂತ. ಅತ್ತೆಯವರು ಅಳತೆ ತೆಗೆದರು, ಆದರೆ ಮುಖ ಬಿಗಿದಿತ್ತು. "ಹತ್ತ ಮಂದಿ ಗಂಡಸರು ಬರೂ ಜಾಗಾ. ಮನಿ ಸೊಸಿ ಗಂಡನ ಸರಿಸಮ ಎತ್ತರಕ್ಕ ಕುಂತ್ರ ಚೆಂದ ಕಾಣೂದಿಲ್ಲವಾ" ಎಂದಷ್ಟೇ ಹೇಳಿದರು. ಗಟ್ಟಿಯಾಗಿ ಬೈದಿದ್ದರೆ ಉತ್ತರ ಹುಡುಕುತ್ತಿದ್ದೆನೇನೋ. ಮೆಲ್ಲಗೆ ಹೇಳಿದ್ದು ಮನಸ್ಸಿನಲ್ಲೇ ಉಳಿಯಿತು.

ಅವರು ಹೆದರಿದ್ದೇ ಆಯಿತು. ಮೊದಲ ವಾರವೇ ಮುಂಡಗೋಡ ಕಡೆಯ ಒಬ್ಬ ಗೌಡರು ಎತ್ತಿನ ಚಕ್ಕಡಿಯಲ್ಲಿ ಬಂದರು, ಕೆನ್ನೆ ಊದಿತ್ತು. ಒರಗು ಕುರ್ಚಿಯಲ್ಲಿ ಮಲಗಿದವರು ನಾವಿಬ್ಬರೂ ಕೂತದ್ದನ್ನು ನೋಡಿ ಎದ್ದೇಬಿಟ್ಟರು.

"ಏನ್ ಡಾಕ್ಟರ, ನಾ ಬಾಯಿ ತಕ್ಕೊಂಡ ಬಿದ್ದಿರಬೇಕು, ನೀವು ಗಂಡಾ ಹೆಂಡತಿ ಆರಾಮ ಕುಂತಿರಬೇಕು? ನಮ್ಮ ಮುಂದ ಯಾರೂ ಹಿಂಗ ಕುಂತಿಲ್ಲ."

ಚಕ್ಕಡಿ ಹೊರಟಿತು. ಆ ಗೌಡರು ತಿರುಗಿ ಬರಲೇ ಇಲ್ಲ, ಕೊನೆಯವರೆಗೂ. ಹೋದವರೆಲ್ಲ ತಪ್ಪು ತಿಳಿದು ಹಿಂದಿರುಗುವುದು ಕತೆಗಳಲ್ಲಿ ಮಾತ್ರ. ಡಾಕ್ಟರಿಗೆ ಸೊಕ್ಕು ಬಂದಿದೆ, ಬ್ಯಾನೆಯವರ ಮುಂದೆ ಸಾಹುಕಾರನ ಹಾಗೆ ಕೂಡುತ್ತಾನೆ ಎಂಬ ಮಾತು ಬಜಾರದಲ್ಲಿ ಹಬ್ಬಿತು. ರೋಗಿಗಳು ಕಾಯುವ ಬೆಂಚು ಖಾಲಿಯಾಗತೊಡಗಿತು. ಒಂದು ಮುಂಜಾನೆ ನೋಡುತ್ತೇನೆ, ಡಾಕ್ಟರು ತಮ್ಮ ಆಸನವನ್ನು ಮೂಲೆಗೆ ಸರಿಸಿ, ಕುರ್ಚಿಯ ಬೆನ್ನು ನೆಟ್ಟಗೆ ಮಾಡಿ, ಎಡಗಾಲ ಮೇಲೆ ನಿಂತಿದ್ದರು.

ನಾನು ಧೈರ್ಯವಂತೆಯಲ್ಲ. ಹಲ್ಲಿಗೆ ಹೆದರಿ ಅಡಿಗೆಮನೆಯಿಂದ ಓಡಿಬರುವವಳು. ಗೋಡೆಯ ಹಲ್ಲಿ, ಬಾಯಿಯದಲ್ಲ. ಆದರೆ ಅಂದು ನನ್ನ ಆಸನವನ್ನು ಅದರ ಜಾಗದಲ್ಲೇ ಇಟ್ಟು ಕೂತೆ.

"ನೀವು ನಿಂದರೂದಿದ್ರ ನಿಂದರ್ರಿ. ನಾ ಕುಂತೇನಿ. ಕುಂತಾಗಿಂದ ನನ್ನ ಕೈ ನಡುಗೂದಿಲ್ಲ, ಬೆಳಕ ಸ್ಥಿರ ನಿಂದರತೈತಿ. ಅದು ನಿಮಗೂ ಗೊತ್ತೈತಿ."

ಅವರು ನನ್ನನ್ನು ನೋಡಿದರು, ಇಡೀ ಮೈ ತಿರುಗಿಸಿ. ನೋವು ಆಗಲೇ ಮರಳಿ ಬಂದಿತ್ತು. ಹಾಗೆ ಒಂಬತ್ತು ದಿನ ನಡೆಯಿತು; ನಾನು ಕೂತು, ಅವರು ನಿಂತು.

ಹತ್ತನೆಯ ದಿನ ಸಂತೆ. ಸಂತೆಯ ದಿನ ಮಾತ್ರ ಬೆಂಚು ತುಂಬುತ್ತಿತ್ತು. ಸನವಳ್ಳಿಯಿಂದ ಬಂದ ಇಬ್ಬರು, ಡಿಪೋದ ಕೂಲಿಗಳು, ಬಾಗಿಲಲ್ಲಿ ಇನ್ನೂ ನಾಲ್ವರು. ಅಷ್ಟರಲ್ಲಿ ಒಳಬಾಗಿಲಿನಿಂದ ಅತ್ತೆಯವರು ಬಂದರು. ಹಣೆತುಂಬ ವಿಭೂತಿ, ತಲೆಯ ಮೇಲೆ ಸೆರಗು. ಮಂದಿ ಇದ್ದಾಗ ಅವರು ದವಾಖಾನೆಗೆ ಕಾಲಿಟ್ಟದ್ದು ಅದೇ ಮೊದಲು. ನಾನು ಗಡಬಡಿಸಿ ಎದ್ದು ನಿಂತೆ. ಅವರು ಯಾರನ್ನೂ ನೋಡದೆ ನೇರ ಹೋಗಿ ರೋಗಿಯ ಕುರ್ಚಿಯಲ್ಲಿ ಕೂತರು.

"ಬಲಗಡೆ ದವಡಿಹಲ್ಲು. ಆರ ತಿಂಗಳಾತು, ತಡಕೊಂಡೇನಿ. ಕೀಳು."

ಡಾಕ್ಟರು ದಂಗಾಗಿ ಇಕ್ಕಳ ತೆಗೆದುಕೊಂಡು ಬಗ್ಗಿದರು. ಅತ್ತೆಯವರು ಬಾಯಿ ಮುಚ್ಚಿದರು.

"ಕುಂತು ಕೀಳು."

"ಅವ್ವಾ, ಮಂದಿ ನೋಡಾಕತ್ತಾರ."

"ನೋಡ್ಲಿ ಅಂತನ ಸಂತಿ ದಿನಾ ಬಂದೇನಿ. ನಿನ್ನ ಹಡದಾಕಿ ನಾನು. ನನ್ನ ಮುಂದ ನೀ ಕುಂತ್ರ ನನ್ನ ಮರ್ಯಾದಿ ಹೋಗೂದಿಲ್ಲ. ಇವರದ ಹೆಂಗ ಹೋಗತೈತಿ?"

ಡಾಕ್ಟರು ಮೂಲೆಯಿಂದ ಆಸನ ತಂದು ಕೂತರು. ಆಗ ಅತ್ತೆಯವರು ನನ್ನ ಕಡೆ ಕಣ್ಣು ಹೊರಳಿಸಿದರು.

"ನೀ ಯಾಕ ಎದ್ದಿ? ಕೂಡು. ಬೆಳಕ ಅಳ್ಳಾಡಿದ್ರ ಅವ ನನ್ನ ಒಳ್ಳೇ ಹಲ್ಲ ಕಿತ್ತಾನು."

ನಾನು ಕೂತೆ. ಕಣ್ಣು ಮಂಜಾದರೂ ಕನ್ನಡಿ ಅಲುಗದಂತೆ ಹಿಡಿದೆ. ಹಲ್ಲು ಒಂದೇ ಸಲಕ್ಕೆ ಬಂತು. ಅತ್ತೆಯವರು ಅದನ್ನು ಅಂಗೈಯಲ್ಲಿಟ್ಟುಕೊಂಡು ಬೆಂಚಿನವರಿಗೆಲ್ಲ ತೋರಿಸಿ, ಒಳಗೆ ಹೋಗಿ ರೊಟ್ಟಿ ತಟ್ಟಿದರು. ಸನವಳ್ಳಿಯ ಮುದುಕ ಎದ್ದು ಬಂದು ತಾನಾಗಿ ಕುರ್ಚಿಯಲ್ಲಿ ಒರಗಿ ಬಾಯಿ ತೆಗೆದ. ಆಮೇಲೆ ಡಾಕ್ಟರು ನಿಂತು ಕೆಲಸ ಮಾಡಿದ್ದನ್ನು ನಾನು ಕಾಣಲಿಲ್ಲ. ಡಿಪೋದ ಗುಮಾಸ್ತಿಕೆಯ ಮಾತೂ ಮತ್ತೆ ಬರಲಿಲ್ಲ.

ಎರಡು ವರ್ಷದ ಮೇಲೆ ಹುಬ್ಬಳ್ಳಿಯ ಗುರುಗಳು ಸುದ್ದಿ ಕೇಳಿ ತಾವೇ ನೋಡಲು ಬಂದರು. ಬಾಗಿದ ಕುತ್ತಿಗೆಯ ಆ ಹಿರಿಯರು ಶಿಷ್ಯನ ಆಸನದ ಮೇಲೆ ಕೂತು, ಸೊಂಟದ ಹಲಗೆಗೆ ಮೆಲ್ಲಗೆ ಆತುಕೊಂಡು ಕಣ್ಣು ಮುಚ್ಚಿದರು. "ಇದು ಇಪ್ಪತ್ತ ವರ್ಷ ಮೊದಲ ಯಾಕ ಸಿಗಲಿಲ್ಲಪಾ ನನಗ" ಎಂದರು. ಯಾರು ಮಾಡಿದ್ದು ಎಂದು ಕೇಳಿದ್ದಕ್ಕೆ ಡಾಕ್ಟರು, "ಕಟ್ಟಿಗಿ ಕೆಲಸಾ ಈರಪ್ಪಂದು. ನಿಂತ ಯಾಕ ತುಳೀತೀರಿ ಅಂತ ಕೇಳಿದಾಕಿ ಇಕಿ" ಎಂದು ಬಾಗಿಲಲ್ಲಿದ್ದ ನನ್ನ ಕಡೆ ಕೈ ಮಾಡಿದರು. ಗುರುಗಳು ಎದ್ದು ನನಗೆ ಕೈಮುಗಿದರು. ನಾನು ಏನು ಮಾಡಬೇಕೆಂದು ತಿಳಿಯದೆ ಚಹಾ ಮಾಡಲು ಓಡಿದೆ. ಆ ಚಹಾಕ್ಕೆ ಸಕ್ಕರೆ ಹಾಕಿರಲಿಲ್ಲವೆಂದು ಆಮೇಲೆ ತಿಳಿಯಿತು. ಅವರು ಪೂರ್ತಿ ಕುಡಿದಿದ್ದರು.

ಇಷ್ಟೆಲ್ಲ ನಿಮಗೆ ಹೇಳಿದ ಮೇಲೆ ಒಂದು ಮಾತು ಒಪ್ಪಿಕೊಳ್ಳಬೇಕು. ರೇಶನ್ ಕಾರ್ಡು, ಮತದಾರರ ಯಾದಿ, ಎಲ್ಲಿ ಕೇಳಿದರೂ ನನ್ನ ಹೆಸರಿನ ಮುಂದೆ 'ಮನೆಗೆಲಸ' ಎಂದೇ ಬರೆಸುತ್ತ ಬಂದಿದ್ದೆ. ನಿನ್ನೆ ಏನೋ ಸರಕಾರಿ ಪಟ್ಟಿ ಮಾಡಲು ಒಬ್ಬ ಹುಡುಗಿ ಬಂದಿದ್ದಳು. ಹಿರಿಯರು ಹಿಂದೆ ಏನು ಕೆಲಸ ಮಾಡುತ್ತಿದ್ದರು ಎಂದು ಕೇಳಿದಳು. ಸೊಸೆ ಒಳಗಿನಿಂದ ರೂಢಿಯಂತೆ, "ಏನಿಲ್ಲರಿ, ಮನೀ ಕೆಲಸಾ" ಎಂದಳು.

"ತಡಿಯವಾ" ಎಂದೆ. "ಹಲ್ಲಿನ ದವಾಖಾನಿ ಕೆಲಸಾ ಅಂತ ಬರಕೋ. ಇಪ್ಪತ್ತೆಂಟ ವರ್ಷ."

ಸೊಸೆ ಹೊರಗೆ ಬಂದು ನನ್ನನ್ನು ನೋಡಿದಳು. ಹುಡುಗಿ ಬರೆದುಕೊಂಡಳು. ಬರೆದದ್ದನ್ನು ಒಮ್ಮೆ ಗಟ್ಟಿಯಾಗಿ ಓದು ಎಂದೆ. ಓದಿದಳು.